ನಿವೃತ್ತಿಯ ಮೇಲೆ ಮೆಡಿಕ್ಲೇಮ್: ಪಾಲಿಸಿಯನ್ನು ಕಡೆಯ ಪುಟದಿಂದ ಓದುವ ಬಗೆ



ಈ ದತ್ತಿ ಉಪನ್ಯಾಸ ಇಟ್ಟ ಮನೆಯವರು ತಮ್ಮ ಹೆಸರನ್ನು ವೇದಿಕೆಯ ಮೇಲೆ ಎತ್ತಬಾರದೆಂದು ಕೇಳಿಕೊಂಡಿದ್ದಾರೆ. ಅವರ ಷರತ್ತು ಒಂದೇ: ಅರವತ್ತು ದಾಟಿದವರಿಗೆ ಮರುದಿನವೇ ಉಪಯೋಗಕ್ಕೆ ಬರುವ ಮಾತು ಆಗಬೇಕು. ಹಾಗಾಗಿ ಈ ಸಲ ವಚನವೂ ಅಲ್ಲ, ಯೋಗವೂ ಅಲ್ಲ, ಮೆಡಿಕ್ಲೇಮ್. ನಾನು ಹುಬ್ಬಳ್ಳಿಯಲ್ಲಿ ಸಾಮಾನ್ಯ ವಿಮಾ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಪಾಲಿಸಿ ಮಾರುವವರು ಅದನ್ನು ಮೊದಲ ಪುಟದಿಂದ ಓದಿ ಹೇಳುತ್ತಾರೆ: ಇಷ್ಟು ಲಕ್ಷದ ರಕ್ಷಣೆ, ಇಷ್ಟು ಸಾವಿರ ಆಸ್ಪತ್ರೆ, ಇಷ್ಟು ರಿಯಾಯಿತಿ. ಕ್ಲೇಮು ನೋಡುವವರು ಕಡೆಯ ಪುಟದಿಂದ ಓದುತ್ತಾರೆ: ಏನೇನು ಕೊಡುವುದಿಲ್ಲ, ಎಲ್ಲಿಯವರೆಗೆ ಕೊಡುವುದಿಲ್ಲ, ಕೊಟ್ಟರೂ ಅದರಲ್ಲಿ ಕಡಿತ ಎಷ್ಟು. ವಯಸ್ಸಾದ ಮೇಲೆ ಪಾಲಿಸಿ ಕೊಳ್ಳುವವರು ಹೀಗೆ ಕಡೆಯಿಂದಲೇ ಓದಬೇಕು ಎಂಬುದು ನನ್ನ ವಾದ. ಡಿಸ್ಚಾರ್ಜ್ ಆಗುವ ದಿನ ಬಿಲ್ಲಿನ ಕೌಂಟರಿನಲ್ಲಿ ನಿಮ್ಮ ಮಗನೋ ಮಗಳೋ ಎಷ್ಟು ರೊಕ್ಕ ಎಣಿಸಬೇಕಾಗುತ್ತದೆ, ಪಾಲಿಸಿಯ ನಿಜವಾದ ಬೆಲೆ ಅದು.

ನಮ್ಮ ಕಮರಿಪೇಟೆಯ ಓಣಿಯಲ್ಲಿ ನಿವೃತ್ತಿ ಎನ್ನುವುದು ಎಲ್ಲರಿಗೂ ಬರುವ ಸಂಗತಿಯಲ್ಲ. ರೈಲ್ವೆ ವರ್ಕ್‌ಶಾಪಿನಿಂದ, ಬ್ಯಾಂಕಿನಿಂದ, ಸಾರಿಗೆ ಸಂಸ್ಥೆಯಿಂದ ಹಾರ ಹಾಕಿಸಿಕೊಂಡು ಮನೆಗೆ ಬಂದವರು ಕೆಲವರು. ಒಂದು ಕಾಲಕ್ಕೆ ರೇಷ್ಮೆ ನೇಯ್ಗೆಯನ್ನೇ ಕುಲಕಸುಬು ಮಾಡಿಕೊಂಡಿದ್ದ ಎಸ್‌ಎಸ್‌ಕೆ ಸಮಾಜದ ಮನೆಗಳು ಇಲ್ಲಿ ಬಹಳ. ಅವರಲ್ಲಿ, ದುರ್ಗದಬೈಲಿನ ಅಂಗಡಿಕಾರರಲ್ಲಿ, ಹೊಲಿಗೆಯವರಲ್ಲಿ ಎಷ್ಟೋ ಜನರಿಗೆ ಮೊಣಕಾಲು ಕೈಕೊಟ್ಟ ದಿನವೇ ನಿವೃತ್ತಿ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಆಸ್ಪತ್ರೆ ಖರ್ಚು ಕೊಡುವ ಮಾಲೀಕನೂ ಇಲ್ಲ. 2017-18ರಲ್ಲಿ ದೇಶದಾದ್ಯಂತ ನಡೆದ ವೃದ್ಧಾಪ್ಯದ ಅಧ್ಯಯನದಲ್ಲಿ ಅರವತ್ತು ದಾಟಿದವರ ಪೈಕಿ ಯಾವುದಾದರೊಂದು ಆರೋಗ್ಯ ವಿಮೆ ಇದ್ದವರು ಶೇಕಡಾ 18ರಷ್ಟು ಮಾತ್ರ ಕಂಡುಬಂದರು. ಈ ಸಭೆಯಲ್ಲಿ ಕೈ ಎತ್ತಿಸಿದರೆ ಲೆಕ್ಕ ಬಹಳ ಬೇರೆ ಬರಲಿಕ್ಕಿಲ್ಲ.

ಏಜೆಂಟರನ್ನು ಕರೆಯುವ ಮೊದಲು ಮನೆಯ ಟ್ರಂಕು ತೆಗೆದು ನೋಡಿ. ನಿಮಗೆ ಈಗಾಗಲೇ ಏನು ಹಕ್ಕಿದೆ ಎಂಬುದು ಅಲ್ಲಿರುತ್ತದೆ. ರೈಲ್ವೆಯವರ ಮಾತು ಸುಲಭ. ನಿವೃತ್ತ ನೌಕರರ ಉದಾರೀಕೃತ ಆರೋಗ್ಯ ಯೋಜನೆಗೆ ಒಂದೇ ಸಲ ಹಣ ಕಟ್ಟಿ ಸೇರಿದ್ದರೆ ಗಂಡಹೆಂಡತಿ ಇಬ್ಬರಿಗೂ ರೈಲ್ವೆ ಆಸ್ಪತ್ರೆಯಿದೆ, ಅಲ್ಲಿಂದ ರೆಫರ್ ಮಾಡಿದರೆ ಒಪ್ಪಂದದ ಖಾಸಗಿ ಆಸ್ಪತ್ರೆಯೂ ಇದೆ. ಉಮೀದ್ ಎಂಬ ಅದರ ಗುರುತಿನ ಕಾರ್ಡು ಮಾಡಿಸಿಟ್ಟುಕೊಳ್ಳಿ. ಇಷ್ಟು ಇದ್ದವರು ದೊಡ್ಡ ಪಾಲಿಸಿಯ ಬೆನ್ನು ಹತ್ತಬೇಕಾಗಿಲ್ಲ.

ಕಾರ್ಖಾನೆಯಲ್ಲಿ ದುಡಿದವರಿಗೆ ಗೊತ್ತೇ ಇಲ್ಲದ ಒಂದು ಹಕ್ಕಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೋಕುಲ ರೋಡಿನಲ್ಲೋ ತಾರಿಹಾಳದಲ್ಲೋ ಕೆಲಸ ಮಾಡುವಾಗ ನಿಮ್ಮ ಪಗಾರದಲ್ಲಿ ಇಎಸ್‌ಐ ಹಿಡಿಯುತ್ತಿದ್ದರು. ಕನಿಷ್ಠ 5 ವರ್ಷ ಇಎಸ್‌ಐ ವಿಮೆಯಲ್ಲಿದ್ದು, ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಹೆಂಡತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ತಿಂಗಳಿಗೆ 10 ರೂಪಾಯಿ. ನೌಕರಿ ಬಿಟ್ಟ ದಿನ ಇಎಸ್‌ಐ ಕಾರ್ಡನ್ನು ಹಳೆಯ ಕಾಗದಗಳ ಜೊತೆ ಕಟ್ಟಿಟ್ಟು ಮರೆತವರನ್ನು ನಾನು ಇದೇ ಓಣಿಯಲ್ಲಿ ನೋಡಿದ್ದೇನೆ. ಶುಗರ್ ಗುಳಿಗೆ, ಬಿಪಿ ಗುಳಿಗೆ, ಸಣ್ಣ ತಪಾಸಣೆಗಳು ತಿಂಗಳ ತಿಂಗಳ ಖರ್ಚು. ಸಾಮಾನ್ಯ ಮೆಡಿಕ್ಲೇಮ್ ಪಾಲಿಸಿ ಇವನ್ನು ಕೊಡುವುದಿಲ್ಲ, ಅದು ಆಸ್ಪತ್ರೆಗೆ ದಾಖಲಾದ ಮೇಲಿನ ಮಾತು. ಇಎಸ್‌ಐ ಕೊಡುತ್ತದೆ. ಉದ್ಯೋಗದಾತರಿಂದ ನಿವೃತ್ತಿಯ ಪ್ರಮಾಣಪತ್ರ ಪಡೆದು ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಕೇಳಿ.

ಮಕ್ಕಳು ರಾಜ್ಯ ಸರ್ಕಾರದ ನೌಕರಿಯಲ್ಲಿದ್ದರೆ ಇನ್ನೊಂದು ದಾರಿ. ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ನೌಕರರ ಕುಟುಂಬದಲ್ಲಿ ಅವಲಂಬಿತ ತಂದೆತಾಯಿಯೂ ಸೇರುತ್ತಾರೆ, ಆದಾಯದ ಮಿತಿಗೆ ಒಳಪಟ್ಟು. ಆರೋಗ್ಯ ಸಂಜೀವನಿ ಎಂದು ವಿಮಾ ಕಂಪನಿಗಳು ಮಾರುವ ಪಾಲಿಸಿಯೂ ಒಂದಿದೆ, 2020ರಲ್ಲಿ ಬಂದದ್ದು. ಎರಡಕ್ಕೂ ಸಂಬಂಧವಿಲ್ಲ. ‘ಸರ್ಕಾರದ್ದs ಐತ್ರಿ’ ಎಂದು ಯಾರಾದರೂ ಅದನ್ನು ಮಾರಿದರೆ ನಂಬಬೇಡಿ.

ಮಗ ಬೆಂಗಳೂರಿನ ಐಟಿ ಕಂಪನಿಯಲ್ಲಿದ್ದಾನೆ, ಅವನ ಕಂಪನಿಯ ಗುಂಪು ವಿಮೆಯಲ್ಲಿ ನಮ್ಮ ಹೆಸರೂ ಇದೆ ಎಂದು ನೆಮ್ಮದಿಯಾಗಿರುವವರು ಬಹಳ. ಒಳ್ಳೆಯದೇ. ಅದರಲ್ಲಿ ಎಷ್ಟೋ ಸಲ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಹಣ ಸಿಗುತ್ತದೆ. ಆದರೆ ಮಗ ಆ ಕಂಪನಿ ಬಿಟ್ಟ ದಿನ ನಿಮ್ಮ ವಿಮೆಯೂ ಹೋಯಿತು. ಆಗ ನಿಮಗೆ ಅರವತ್ತೆಂಟೋ ಎಪ್ಪತ್ತೋ ಆಗಿರುತ್ತದೆ, ಹೊಸ ಪಾಲಿಸಿಗೆ ಕಾಯುವ ಅವಧಿ ಮೊದಲಿನಿಂದ ಶುರು. ಕೆಲಸ ಬಿಡುವಾಗ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ಅಲ್ಲಿ ಕಳೆದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ನಿವೃತ್ತಿ ಹತ್ತಿರ ಬಂದವರು ಸ್ವತಃ ಇದನ್ನು ಮಾಡಬಹುದು. ಬೀಳ್ಕೊಡುಗೆ ಸಮಾರಂಭದ ಗಡಿಬಿಡಿಯಲ್ಲಿ ಈ ಅರ್ಜಿಯೇ ಮರೆತುಹೋಗುತ್ತದೆ. ಬ್ಯಾಂಕಿನ ನಿವೃತ್ತರಿಗೆ ಗುಂಪು ವಿಮೆಯ ಇನ್ನೊಂದು ಮುಖ ಗೊತ್ತು. 2015ರಲ್ಲಿ ಬ್ಯಾಂಕುಗಳ ಸಂಘದ ಮೂಲಕ ಬಂದ ಗುಂಪು ಪಾಲಿಸಿಗೆ ನಿವೃತ್ತರು ಕೈಯಿಂದಲೇ ಪ್ರೀಮಿಯಂ ಕಟ್ಟುತ್ತಾರೆ. ಅದು ಏರಿದ ರೀತಿ ನೋಡಿ ಅನೇಕರು ಹೊರಬಿದ್ದರು. ಗುಂಪಿನಲ್ಲಿ ಎಲ್ಲರೂ ವಯಸ್ಸಾದವರೇ ಆದಾಗ ಕ್ಲೇಮು ಹೆಚ್ಚು, ಕ್ಲೇಮು ಹೆಚ್ಚಾದಷ್ಟೂ ಮರುವರ್ಷದ ಪ್ರೀಮಿಯಂ ಹೆಚ್ಚು.

ಇನ್ನು ಆಯುಷ್ಮಾನ್. 2018ರಲ್ಲಿ ಬಂದ ಈ ಯೋಜನೆ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಎಂದು ನಡೆಯುತ್ತದೆ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಚಿಕಿತ್ಸೆಯ ನಿಗದಿತ ದರದಲ್ಲಿ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಸಂದರ್ಭ ಬಿಟ್ಟರೆ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಮಗೆ ಅದರ ದಾರಿ ಎಂದರೆ ಹಳಬರು ಇಂದಿಗೂ ಕಿಮ್ಸ್ ಎನ್ನುವ ವಿದ್ಯಾನಗರದ ಆಸ್ಪತ್ರೆ. 1957ರಲ್ಲಿ ಶುರುವಾದ ಆ ಕಾಲೇಜು ಸುತ್ತಿನ ಜಿಲ್ಲೆಗಳಿಗೆಲ್ಲ ಕೊನೆಯ ಆಸರೆ. ಅಲ್ಲಿನ ಗದ್ದಲ ನೋಡಿ ಮೂಗು ಮುರಿಯುವವರು ಇದ್ದಾರೆ. ಪ್ರೀಮಿಯಂ ಕೇಳದೆ ಬಾಗಿಲು ತೆರೆದಿರುವ ದೊಡ್ಡ ದವಾಖಾನೆ ಈ ಊರಲ್ಲಿ ಅದೊಂದೇ ಎಂಬುದನ್ನು ಅವರಿಗೆ ನೆನಪಿಸಬೇಕು.

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ಯೋಜನೆಯನ್ನು 70 ತುಂಬಿದ ಎಲ್ಲರಿಗೂ ವಿಸ್ತರಿಸಿತು, ಆದಾಯ ಎಷ್ಟೇ ಇರಲಿ. ಆಯುಷ್ಮಾನ್ ವಯ ವಂದನ ಕಾರ್ಡು ಅದರ ಹೆಸರು. ಆಧಾರಿನಲ್ಲಿರುವ ವಯಸ್ಸೇ ಆಧಾರ. ಖಾಸಗಿ ಪಾಲಿಸಿ ಇದ್ದವರಿಗೂ, ಇಎಸ್‌ಐ ಇದ್ದವರಿಗೂ ಅಡ್ಡಿಯಿಲ್ಲ. ಕೇಂದ್ರ ಸರ್ಕಾರಿ ನೌಕರರ ಅಥವಾ ಮಾಜಿ ಸೈನಿಕರ ಆರೋಗ್ಯ ಯೋಜನೆಯಂಥವುಗಳಲ್ಲಿದ್ದವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕಾರ್ಡು ಕೈಗೆ ಬಂತೆಂದರೆ ಎಲ್ಲ ಆಸ್ಪತ್ರೆಯ ಬಾಗಿಲು ತೆರೆಯಿತು ಎಂದಲ್ಲ. ನೀವು ಹೋಗಬೇಕೆಂದಿರುವ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಮೇಜು ಇದೆಯೇ ನೋಡಿ. ಇದ್ದರೆ, ಈ ಕಾರ್ಡು ಇಲ್ಲಿ ಈ ಕಾಯಿಲೆಗೆ ನಡೆಯುತ್ತದೆಯೇ ಎಂದು ಆರೋಗ್ಯ ಚೆನ್ನಾಗಿದ್ದಾಗಲೇ ಕೇಳಿಟ್ಟುಕೊಳ್ಳಿ. ಸಹಾಯವಾಣಿ 14555. ಆಯುಷ್ಮಾನಿನ 5 ಲಕ್ಷಕ್ಕೆ ಖಾಸಗಿ ಪಾಲಿಸಿಯ 5 ಲಕ್ಷ ಕೂಡಿಸಿ 10 ಲಕ್ಷ ಎಂದು ಲೆಕ್ಕ ಹಾಕುವವರಿದ್ದಾರೆ. ಹಾಸಿಗೆಯ ಪಕ್ಕದಲ್ಲಿ ಆ ಲೆಕ್ಕ ನಡೆಯುವುದು ಕಷ್ಟ. ಒಂದು ಚಿಕಿತ್ಸೆಗೆ ಒಂದು ದಾರಿ ಎಂದೇ ತಿಳಿದುಕೊಳ್ಳಿ.

ಯಶಸ್ವಿನಿಯ ಮಾತೂ ಒಂದು ಸಾಲು. ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ವರ್ಷಕ್ಕೆ 60 ರೂಪಾಯಿಗೆ ಶಸ್ತ್ರಚಿಕಿತ್ಸೆ ಕೊಟ್ಟ ಕರ್ನಾಟಕದ ಯೋಜನೆ ಅದು. 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾಯಿತು. ನಿಮ್ಮ ಸೊಸೈಟಿಯಲ್ಲಿ ನೋಂದಣಿಯ ಅವಧಿ ಕೇಳಿ.

ಇಷ್ಟೆಲ್ಲ ನೋಡಿದ ಮೇಲೂ ಕೊರತೆ ಉಳಿದರೆ, ಅಥವಾ ಇವು ಯಾವುವೂ ಇಲ್ಲದಿದ್ದರೆ, ಖಾಸಗಿ ಪಾಲಿಸಿ. ಭಾರತದಲ್ಲಿ ಮೆಡಿಕ್ಲೇಮ್ ಬಂದದ್ದು 1986ರಲ್ಲಿ, ಸರ್ಕಾರಿ ವಿಮಾ ಕಂಪನಿಗಳಿಂದ. ಆಗ ಅದು ಪಗಾರ ಬರುವವರ ವಸ್ತು. ವಯಸ್ಸಾದವರನ್ನು ಕಂಪನಿಗಳು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದವು. ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯಿರುವ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರಲ್ಲಿ ಮಾಡಿದ ಬದಲಾವಣೆಗಳು ನಮ್ಮಂಥವರಿಗೆ ಅನುಕೂಲವಾದವು. ಎಲ್ಲ ವಯಸ್ಸಿನವರಿಗೂ ಪಾಲಿಸಿ ಇಡಬೇಕೆಂದು ಕಂಪನಿಗಳಿಗೆ ಹೇಳಿತು, 65ರ ಗೆರೆ ಹೋಯಿತು. ತಪಾಸಣೆ ನೋಡಿ ಹೆಚ್ಚು ಪ್ರೀಮಿಯಂ ಕೇಳುವ, ಬೇಡವೆನ್ನುವ ಸ್ವಾತಂತ್ರ್ಯ ಕಂಪನಿಗೆ ಈಗಲೂ ಇದೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ 4 ವರ್ಷದಿಂದ 3 ವರ್ಷಕ್ಕೆ ಇಳಿಯಿತು. ಅದು ಗರಿಷ್ಠ, ಕೆಲವು ಪಾಲಿಸಿಗಳಲ್ಲಿ ಇನ್ನೂ ಕಡಿಮೆ. ಕಣ್ಣಿನ ಪೊರೆ, ಹರ್ನಿಯಾ, ಮೊಣಕಾಲಿನ ಕೀಲು ಬದಲಿ ಇಂಥವಕ್ಕೆ ಕಾಯಿಲೆ ಮೊದಲು ಇಲ್ಲದಿದ್ದರೂ ಬೇರೆ ಕಾಯುವ ಅವಧಿ ಇರುತ್ತದೆ, ಸಾಮಾನ್ಯವಾಗಿ ಎರಡು ವರ್ಷ. ನಮ್ಮ ವಯಸ್ಸಿನವರಿಗೆ ಆಗುವುದೇ ಇವು. ಹಾಗಾಗಿ ನಿವೃತ್ತಿಗೆ ಎರಡು ಮೂರು ವರ್ಷ ಮೊದಲೇ ಪಾಲಿಸಿ ಶುರು ಮಾಡಿದವರು ಜಾಣರು. ಈ ಮಾತು ಹಿಂದಿನ ಸಾಲಿನಲ್ಲಿ ಕೂತ ಐವತ್ತರ ಆಸುಪಾಸಿನವರಿಗೆ.

ಪ್ರೀಮಿಯಂ ಏರಿಕೆಯ ದೂರು ಎಲ್ಲರದ್ದೂ. 2025ರ ಜನವರಿ ಕೊನೆಯಲ್ಲಿ ಪ್ರಾಧಿಕಾರ ಹಿರಿಯರ ಪಾಲಿಸಿಯ ದರವನ್ನು ತನ್ನನ್ನು ಕೇಳದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬಾರದೆಂದು ಆದೇಶಿಸಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇಕಡಾ 18 ಜಿಎಸ್‌ಟಿ ಹೋಯಿತು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಹಿರಿಯರ ಪ್ರೀಮಿಯಮ್ಮಿಗೆ 50,000 ರೂಪಾಯಿವರೆಗೆ ವಿನಾಯಿತಿಯಿದೆ, ಮಕ್ಕಳು ಕಟ್ಟಿದರೆ ಅವರಿಗೆ ಸಿಗುತ್ತದೆ. ತೆರಿಗೆ ಉಳಿಸಲೆಂದೇ ಪಾಲಿಸಿ ಕೊಳ್ಳುವುದು ಮಾತ್ರ ತಿಳಿಗೇಡಿತನ.

ಈಗ ಕಡೆಯ ಪುಟಕ್ಕೆ ಬರೋಣ. ಹಲಗೆಯ ಮೇಲೆ ಬರೆದ ಲೆಕ್ಕವನ್ನು ಅಚ್ಚಿನಲ್ಲೂ ಇಡಬೇಕೆಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ. ಇದು ಉದಾಹರಣೆ, ಯಾವುದೇ ಕಂಪನಿಯದಲ್ಲ. 3 ಲಕ್ಷದ ಹಿರಿಯರ ಪಾಲಿಸಿ. ಕೋಣೆ ಬಾಡಿಗೆಯ ಮಿತಿ ವಿಮಾ ಮೊತ್ತದ ಶೇಕಡಾ 1, ಅಂದರೆ ದಿನಕ್ಕೆ 3,000. ಸಹಪಾವತಿ, ಏಜೆಂಟರು ಕೋ-ಪೇ ಎನ್ನುವುದು, ಶೇಕಡಾ 20. ರೋಗಿ ಐದು ದಿನ ಆಸ್ಪತ್ರೆಯಲ್ಲಿದ್ದರು. ನೋಡಲು ಬರುವವರಿಗೆ ಕೂಡಲು ಜಾಗ ಬೇಕೆಂದು ಮನೆಯವರು 6,000ದ ಕೋಣೆ ಹಿಡಿದರು. ಬಿಲ್ಲು ಹೀಗೆ ಬಂತು: ಕೋಣೆ 30,000. ಶಸ್ತ್ರಚಿಕಿತ್ಸಕರ ಫೀ, ಆಪರೇಷನ್ ಥಿಯೇಟರು, ನರ್ಸಿಂಗ್ ಇತ್ಯಾದಿ 1,20,000. ಔಷಧ, ತಪಾಸಣೆ, ಒಳಗೆ ಹಾಕಿದ ಸಾಧನ 60,000. ಒಟ್ಟು 2,10,000. ಪಾಲಿಸಿ 3 ಲಕ್ಷದ್ದು, ಬಿಲ್ಲು ಅದರೊಳಗೇ ಇದೆ. ಮಗ ನಿಶ್ಚಿಂತನಾಗಿ ಕೌಂಟರಿಗೆ ಹೋಗುತ್ತಾನೆ.

ಕ್ಲೇಮು ಮೇಜಿನಲ್ಲಿ ಏನಾಗುತ್ತದೆ ಎಂದರೆ, ಮಿತಿಗಿಂತ ಎರಡು ಪಟ್ಟು ಬಾಡಿಗೆಯ ಕೋಣೆ ಹಿಡಿದದ್ದರಿಂದ ಕೋಣೆಯ ಹಣ ಅರ್ಧ, 15,000. ಕೋಣೆಯ ದರ್ಜೆಯೊಂದಿಗೆ ಏರುವ ವೈದ್ಯರ ಫೀ, ಥಿಯೇಟರು, ನರ್ಸಿಂಗಿನ ಹಣವೂ ಅದೇ ಪ್ರಮಾಣದಲ್ಲಿ ಅರ್ಧ, 60,000. ಔಷಧ, ತಪಾಸಣೆ, ಸಾಧನಗಳಿಗೆ ಈ ಕಡಿತ ಅನ್ವಯಿಸುವುದಿಲ್ಲ, ಅವು ಪೂರ್ತಿ 60,000. ಒಪ್ಪಿದ್ದು 1,35,000. ಅದರಲ್ಲಿ ಶೇಕಡಾ 20 ಸಹಪಾವತಿ 27,000 ಹೋಗಿ ಕಂಪನಿ ಕೊಡುವುದು 1,08,000. ಮಗ ಕಟ್ಟಬೇಕಾದದ್ದು 1,02,000. ಹೆಚ್ಚುಕಡಿಮೆ ಅರ್ಧ ಬಿಲ್ಲು. ‘ಏನ್ರೀ ಸಾಹೇಬ್ರ, ಮೂರು ಲಕ್ಷದ್ದು ಪಾಲಿಸಿ ಐತಿ, ಲಕ್ಷ ರೂಪಾಯಿ ನಾನs ಯಾಕ ತುಂಬಬೇಕು?’ ಎಂದು ಕೇಳಿಕೊಂಡು ನನ್ನ ಮೇಜಿಗೆ ಬಂದವರಿಗೆ ಲೆಕ್ಕವಿಲ್ಲ. ಅದೇ ಚಿಕಿತ್ಸೆ 3,000ದ ಕೋಣೆಯಲ್ಲಿ ಆಗಿದ್ದು, ಉಳಿದ ದರಗಳು ಅವೇ ಇದ್ದಿದ್ದರೂ ಬಿಲ್ಲು 1,95,000 ಆಗುತ್ತಿತ್ತು, ಮನೆಯವರ ಪಾಲು 39,000. ಐದು ದಿನಕ್ಕೆ 15,000 ಹೆಚ್ಚಾಗುತ್ತದೆಂದು ತಿಳಿದು ಹಿಡಿದ ಕೋಣೆ 63,000ಕ್ಕೆ ಬಿತ್ತು.

ಇದರ ಮೇಲೆ ಪಾಲಿಸಿಯಲ್ಲಿ ಕೊಡದ ವಸ್ತುಗಳ ಪಟ್ಟಿ ಇರುತ್ತದೆ. ಡೈಪರು, ಸೊಂಟದ ಬೆಲ್ಟು ಎಲ್ಲ ಅದರಲ್ಲಿವೆ. ವಯಸ್ಸಾದವರ ಬಿಲ್ಲಿನಲ್ಲಿ ಅವೇ ಹೆಚ್ಚು. ಕಣ್ಣಿನ ಪೊರೆಗೆ ಕಣ್ಣೊಂದಕ್ಕೆ ಇಷ್ಟೇ ಎಂಬ ಉಪಮಿತಿ ಇರಬಹುದು.

ಹಾಗಾಗಿ ನನ್ನನ್ನು ಕೇಳಿದರೆ, 10 ಲಕ್ಷದ ಪಾಲಿಸಿಯಲ್ಲಿ ಕೋಣೆಗೆ ಬಿಗಿ ಮಿತಿ, ಶೇಕಡಾ 30 ಸಹಪಾವತಿ ಇರುವುದಕ್ಕಿಂತ 5 ಲಕ್ಷದ್ದರಲ್ಲಿ ಕೋಣೆಯ ಮಿತಿ ಇಲ್ಲದ, ಸಹಪಾವತಿ ಇಲ್ಲದ ಅಥವಾ ಕಡಿಮೆಯಿರುವ ಪಾಲಿಸಿ ಲೇಸು. ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ಸರಿ. ಗಂಡಹೆಂಡತಿ ಇಬ್ಬರೂ ಅರವತ್ತು ದಾಟಿದ್ದರೆ ಇಬ್ಬರಿಗೂ ಸೇರಿ ಒಂದೇ ಮೊತ್ತದ ಫ್ಲೋಟರ್ ಬೇಡ. ಹಿರಿಯವರ ವಯಸ್ಸಿನ ಮೇಲೆ ಪ್ರೀಮಿಯಂ ಹಾಕುತ್ತಾರೆ, ಒಬ್ಬರು ಮಲಗಿದರೆ ಇನ್ನೊಬ್ಬರ ಪಾಲೂ ಖರ್ಚಾಗುತ್ತದೆ. ಒಂದು ಗೆರೆ ದಾಟಿದ ಖರ್ಚನ್ನಷ್ಟೇ ಕೊಡುವ ಟಾಪ್-ಅಪ್ ಕೊಳ್ಳುವವರು ಸೂಪರ್ ಟಾಪ್-ಅಪ್ಪೇ ಕೊಳ್ಳಿ. 5 ಲಕ್ಷದ ಗೆರೆ ಇದ್ದು, ಒಂದೇ ವರ್ಷದಲ್ಲಿ 4 ಲಕ್ಷದ ಒಂದು, 3 ಲಕ್ಷದ ಒಂದು ಬಿಲ್ಲು ಬಂದರೆ ಬರೀ ಟಾಪ್-ಅಪ್ ಒಂದು ಪೈಸೆ ಕೊಡುವುದಿಲ್ಲ, ಏಕೆಂದರೆ ಅದು ಒಂದೊಂದೇ ಬಿಲ್ಲನ್ನು ನೋಡುತ್ತದೆ. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲು ಕೂಡಿಸಿ 2 ಲಕ್ಷ ಕೊಡುತ್ತದೆ. ಹಳೆಯ ಪಾಲಿಸಿ ಬೇಸರ ತಂದಿದ್ದರೆ ಬಿಟ್ಟು ಹೊಸದು ಕೊಳ್ಳಬೇಡಿ, ಬೇರೆ ಕಂಪನಿಗೆ ಪೋರ್ಟ್ ಮಾಡಿ. 2011ರಿಂದ ಆ ಅವಕಾಶವಿದೆ, ಕಾದ ವರ್ಷಗಳು ಕೈಬಿಡುವುದಿಲ್ಲ. ನವೀಕರಣಕ್ಕೆ ಒಂದೂವರೆ ತಿಂಗಳು ಇರುವಾಗಲೇ ಅರ್ಜಿ ಹಾಕಿ.

ಆಸ್ಪತ್ರೆಯ ಪಟ್ಟಿ ನೋಡುವಾಗ ದೇಶದಲ್ಲಿ ಎಷ್ಟು ಸಾವಿರ ಆಸ್ಪತ್ರೆ ಎಂಬುದು ನಮಗೆ ಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಕಮರಿಪೇಟೆಯಿಂದ ಆಟೋ ಎಲ್ಲಿಗೆ ಹೋಗುತ್ತದೆ? ಆ ಎರಡು ಮೂರು ಆಸ್ಪತ್ರೆಗಳು ಪಟ್ಟಿಯಲ್ಲಿರಬೇಕು. ಅಲ್ಲಿನ ವಿಮೆಯ ಮೇಜಿನಲ್ಲಿ ಕೂತ ಹುಡುಗಿಯನ್ನು ಒಮ್ಮೆ ಮಾತಾಡಿಸಿ ಬನ್ನಿ. ಯಾವ ಕಂಪನಿಯ ಒಪ್ಪಿಗೆ ಬೇಗ ಬರುತ್ತದೆ, ಯಾವುದು ಸತಾಯಿಸುತ್ತದೆ ಎಂಬುದು ಯಾವ ಜಾಹೀರಾತಿಗಿಂತಲೂ ಆಕೆಗೆ ಚೆನ್ನಾಗಿ ಗೊತ್ತು. ನಗದುರಹಿತ ದಾಖಲಾತಿಗೆ 1 ಗಂಟೆಯೊಳಗೆ, ಡಿಸ್ಚಾರ್ಜಿಗೆ 3 ಗಂಟೆಯೊಳಗೆ ಕಂಪನಿ ಉತ್ತರಿಸಬೇಕೆಂದು ಈಗ ನಿಯಮವಿದೆ. ಡಿಸ್ಚಾರ್ಜಿನಲ್ಲಿ ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದು ಕಂಪನಿಯ ತಲೆಯ ಮೇಲೆ. ಕೌಂಟರಿನಲ್ಲಿ ಸಂಜೆಯವರೆಗೆ ಕೂಡುವಾಗ ಈ ನಿಯಮ ನೆನಪಿರಲಿ.

ಇನ್ನು ಪಾಲಿಸಿ ಕೊಳ್ಳುವಾಗ ತುಂಬುವ ಪ್ರಪೋಸಲ್ ಫಾರ್ಮು. ‘ಶುಗರ್ ಐತಿ ಅಂತ ಬರೀಬ್ಯಾಡ್ರಿ ಕಾಕಾ, ಪ್ರೀಮಿಯಂ ಏರತೈತಿ’ ಎಂದು ಏಜೆಂಟ್ ಹೇಳುತ್ತಾನೆ, ಕಾಕಾ ಸಹಿ ಮಾಡುತ್ತಾರೆ. ಎರಡು ವರ್ಷದ ಮೇಲೆ ಕಾಲಿನ ಗಾಯ ಕೊಳೆತು ಆಸ್ಪತ್ರೆಗೆ ಸೇರುತ್ತಾರೆ. ದಾಖಲಿಸಿಕೊಳ್ಳುವ ಎಳೆಯ ಡಾಕ್ಟರು ಶುಗರ್ ಎಷ್ಟು ವರ್ಷದಿಂದ ಎಂದು ಕೇಳುತ್ತಾರೆ. ಕಾಕಾ ಬಾಯಿ ತೆರೆಯುವ ಮೊದಲು ಕಾಕು ಹೇಳಿಬಿಡುತ್ತಾರೆ, ‘ಹತ್ತು ವರ್ಷ ಆತ್ರಿ.’ ಡಾಕ್ಟರು ಕೇಸ್ ಪೇಪರಿನಲ್ಲಿ ಮೂರು ಅಕ್ಷರ ಬರೆದು ಮುಂದೆ ಡಿಎಂ, 10 ವರ್ಷ ಎಂದು ಹಾಕುತ್ತಾರೆ. ಕೆ/ಸಿ/ಓ ಎಂಬ ಆ ಮೂರು ಅಕ್ಷರಕ್ಕೆ ಮೊದಲೇ ಗೊತ್ತಿದ್ದ ಕಾಯಿಲೆ ಎಂದರ್ಥ. ಕ್ಲೇಮು ಮೇಜಿನವರು ಡಿಸ್ಚಾರ್ಜ್ ಸಾರಾಂಶದಲ್ಲಿ ಎಲ್ಲಕ್ಕಿಂತ ಮೊದಲು ಹುಡುಕುವುದು ಆ ಸಾಲನ್ನೇ. ಸಿಕ್ಕ ಮೇಲೆ ಕ್ಲೇಮು ಹೋಯಿತು, ಎಷ್ಟೋ ಸಲ ಪಾಲಿಸಿಯೂ ಹೋಯಿತು. ಏಜೆಂಟ್ ಆ ಹೊತ್ತಿಗೆ ಫೋನೆತ್ತುವುದಿಲ್ಲ. ಹತ್ತು ವರ್ಷವಲ್ಲ, ಆರು ವರ್ಷವಷ್ಟೇ ಆಗಿದ್ದರೂ ಅಂದಾಜಿನ ಮಾತು ದಾಖಲೆಯಾಗಿಬಿಡುತ್ತದೆ. ಆದ್ದರಿಂದ ಫಾರ್ಮಿನಲ್ಲಿ ಇದ್ದದ್ದು ಇದ್ದಂತೆ ಬರೆಯಿರಿ, ಮೊದಲ ಚೀಟಿಯ ತಾರೀಖು ಇಟ್ಟುಕೊಳ್ಳಿ, ಆಸ್ಪತ್ರೆಯಲ್ಲೂ ಅದೇ ತಾರೀಖು ಹೇಳಿ. ಸತತ 5 ವರ್ಷ ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾಗದ ಹೊರತು, ಮುಚ್ಚಿಟ್ಟರೆಂಬ ಕಾರಣಕ್ಕೆ ಕ್ಲೇಮು ತಿರಸ್ಕರಿಸುವಂತಿಲ್ಲ. ಈ ಅವಧಿ ಮೊದಲು 8 ವರ್ಷವಿತ್ತು. ಇದನ್ನು ನೆಚ್ಚಿಕೊಂಡು ಸುಳ್ಳು ಬರೆಯುವವರೂ ಇದ್ದಾರೆ. ಅರವತ್ತೈದರಲ್ಲಿ ಐದು ವರ್ಷ ಆಸ್ಪತ್ರೆ ಕಾಣದೆ ಇರುತ್ತೇನೆಂದು ಪಣ ಕಟ್ಟಿದಂತಾಯಿತು ಅದು.

ಎಲ್ಲರೂ ಪಾಲಿಸಿ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ವಿಮೆಯಿಂದಲೇ ಅನ್ನ ತಿಂದವನ ಬಾಯಲ್ಲಿ ಈ ಮಾತು ವಿಚಿತ್ರವೆನಿಸಬಹುದು. ಎಪ್ಪತ್ತೈದರ ಒಬ್ಬರಿಗೆ ಸ್ಟೆಂಟ್ ಹಾಕಿದೆ, ಶುಗರ್ ಇದೆ. 3 ಲಕ್ಷದ ಪಾಲಿಸಿಗೆ ವರ್ಷಕ್ಕೆ 45,000 ಕೇಳುತ್ತಾರೆ ಎಂದಿಟ್ಟುಕೊಳ್ಳಿ, ಸಹಪಾವತಿ ಶೇಕಡಾ 30, ಹೃದಯಕ್ಕೆ ಮೂರು ವರ್ಷ ಕಾಯಬೇಕು. ಏಳು ವರ್ಷ ಕಟ್ಟಿದರೆ 3,15,000, ಬಡ್ಡಿ ಬಿಟ್ಟು. ಇಂಥವರಿಗೆ ನನ್ನ ಸಲಹೆ ನೇರ: ವಯ ವಂದನ ಕಾರ್ಡು ಮಾಡಿಸಿ, ಆ 45,000ವನ್ನು ಯಾವ ದಿನ ಬೇಕಾದರೂ ಮುರಿಯಬಹುದಾದ ಠೇವಣಿಯಲ್ಲಿ ವರ್ಷವರ್ಷ ಇಡಿ, ಅದನ್ನು ಮೊಮ್ಮಗನ ಮುಂಜಿಗೆ ಮುಟ್ಟಬೇಡಿ. ಐವತ್ತೆಂಟರಲ್ಲಿ ಗಟ್ಟಿಮುಟ್ಟಾಗಿರುವವರು ಈ ಮಾತನ್ನು ನೆಪ ಮಾಡಿಕೊಳ್ಳಬಾರದು. ಅವರು ಕೊಳ್ಳಲೇಬೇಕು.

ಕ್ಲೇಮು ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು. ಕಂಪನಿಯೊಳಗಿನ ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ತಿರಸ್ಕರಿಸುವಂತಿಲ್ಲ ಎಂಬುದು 2024ರಿಂದ ನಿಯಮ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. 50 ಲಕ್ಷದವರೆಗಿನ ದೂರು ಕೇಳುತ್ತಾರೆ, ಫೀ ಇಲ್ಲ, ವಕೀಲರು ಬೇಡ, ಒಂದು ವರ್ಷದೊಳಗೆ ಹೋಗಬೇಕು. ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಪ್ರಾಧಿಕಾರದ ದೂರವಾಣಿ 155255. ನನ್ನ ಕಾಲದಲ್ಲಿ ತಿರಸ್ಕಾರದ ಪತ್ರ ಓದಿ ಕಣ್ಣೊರೆಸಿಕೊಂಡು ಸುಮ್ಮನೆ ಹೋದವರೇ ಹೆಚ್ಚು. ಪತ್ರ ಬರೆದು ಬೆನ್ನು ಹತ್ತಿದವರಲ್ಲಿ ಹಲವರಿಗೆ ಹಣ ಬಂದದ್ದನ್ನೂ ನೋಡಿದ್ದೇನೆ.

ಕೊನೆಗೆ ಒಂದು ಕೋರಿಕೆ. ಪ್ರತಿಯೊಂದು ಪಾಲಿಸಿಯ ಜೊತೆಗೆ ಗ್ರಾಹಕರ ಮಾಹಿತಿ ಪತ್ರ ಎಂಬ ಕೆಲವೇ ಪುಟಗಳ ಹಾಳೆ ಕೊಡಬೇಕು. ಕಾಯುವ ಅವಧಿ, ಕೋಣೆಯ ಮಿತಿ, ಸಹಪಾವತಿ, ಕೊಡದ ವಸ್ತುಗಳು, ದೂರು ಎಲ್ಲಿ ಎಂಬುದೆಲ್ಲ ಅದರಲ್ಲಿರುತ್ತದೆ. ನಾನು ಇಷ್ಟು ಹೊತ್ತು ಹೇಳಿದ ಕಡೆಯ ಪುಟವೇ ಅದು. ಗ್ರಾಹಕರು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು 2024ರ ಜನವರಿಯಿಂದ ನಿಯಮವಿದೆ. ಕೇಳುವವರು ಇಲ್ಲದ್ದರಿಂದ ಕಂಪನಿಗಳು ಇಂಗ್ಲಿಷ್ ಹಾಳೆ ಕಳಿಸಿ ಕೈತೊಳೆದುಕೊಳ್ಳುತ್ತವೆ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡವೆಂದು ಹಿಂದಿರುಗಿಸಬಹುದು, ಓದಲು ಅಷ್ಟು ಸಮಯ ಸಾಕು. ನಿಮ್ಮ ಮುಂದಿನ ನವೀಕರಣಕ್ಕೆ ಎರಡು ಸಾಲಿನ ಪತ್ರ ಬರೆಯಿರಿ: ಈ ಹಾಳೆಯನ್ನು ನನಗೆ ಕನ್ನಡದಲ್ಲಿ ಕೊಡಿ.